ಐದು ಸಿಮ್, ವರ್ಷಕ್ಕೆ ಸುಮಾರು ₹20,000: ಮನೆಯ ಮೊಬೈಲ್ ಖರ್ಚನ್ನು ತಗ್ಗಿಸುವುದು ಹೇಗೆ?

ಪ್ರಶ್ನೆ: ಸಾಗರದ ನಿವೃತ್ತ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಕಳೆದ ವಾರ ವರ್ಷದ ಖರ್ಚುವೆಚ್ಚಗಳನ್ನು ನೋಟ್‌ಪುಸ್ತಕದಲ್ಲಿ ಬರೆಯುತ್ತ ಕುಳಿತಾಗ, ಮನೆಯ ಮೊಬೈಲ್‌ಗಳಿಗೆ ಹಾಕಿಸಿದ ಕರೆನ್ಸಿಯ ಒಟ್ಟು ಮೊತ್ತವು ಅಡುಗೆ ಅನಿಲಕ್ಕೆ ಕೊಟ್ಟ ಹಣದ ಎರಡರಷ್ಟಕ್ಕಿಂತ ಹೆಚ್ಚಾಗಿರುವುದು ಕಂಡುಬಂತು. ಒಂದೊಂದು ಸಲ ₹200, ₹300 ಎಂದು ಹೋಗುವಾಗ ಕಣ್ಣಿಗೆ ಬೀಳದ ಹಣ, ಒಂದೇ ಪುಟದಲ್ಲಿ ಸಾಲಾಗಿ ಬರೆದಾಗ ನಿಜವಾಗಿಯೂ ಕಳವಳ ಹುಟ್ಟಿಸಿತು.

ನಮ್ಮಲ್ಲಿ ಐದು ಸಿಮ್‌ಗಳಿವೆ. ನನ್ನ ಮತ್ತು ನನ್ನ ಹೆಂಡತಿಯ ಫೋನುಗಳಿಗೆ ದಿನಕ್ಕೆ 1.5 ಜಿಬಿ ಕೊಡುವ, 28 ದಿನಗಳ ₹299ರ ಪ್ಯಾಕ್ ಹಾಕಿಸುತ್ತೇವೆ. ಊರಿನ ಮನೆಯಲ್ಲಿ ತಮ್ಮನೊಂದಿಗಿರುವ 81 ವರ್ಷದ ಅಮ್ಮನ ಕೀಪ್ಯಾಡ್ ಫೋನಿಗೆ 28 ದಿನಗಳ ₹199ರ ಪ್ಯಾಕ್ ಇದೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗನಿಗೆ ದಿನಕ್ಕೆ 2 ಜಿಬಿ ಸಿಗುವ, 84 ದಿನಗಳ ₹859ರ ಪ್ಯಾಕ್. ಐದನೆಯದು ನನ್ನದೇ ಹಳೆಯ ಪೋಸ್ಟ್‌ಪೇಯ್ಡ್ ಸಂಖ್ಯೆ. ತಿಂಗಳಿಗೆ ₹399 ಬಾಡಿಗೆ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ₹471 ಆಗುತ್ತದೆ. ಪಿಂಚಣಿ, ಬ್ಯಾಂಕು, ಆಧಾರ್ ಎಲ್ಲವೂ ಆ ಸಂಖ್ಯೆಗೇ ಜೋಡಣೆಯಾಗಿರುವುದರಿಂದ ಅದನ್ನು ಬಿಡುವ ಧೈರ್ಯವಾಗಿಲ್ಲ. ಸಾಗರದ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಮತ್ತು ವೈಫೈ ಇದೆ. ಅದರ ಬಿಲ್ಲು ಬೇರೆ.

ಅಮ್ಮನ ಫೋನಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಊರಿನ ಮನೆಯಲ್ಲಿ ಜಗಲಿಯ ಕಿಟಕಿಯ ಹತ್ತಿರ ಮಾತ್ರ ಟವರ್ ಸಿಗುತ್ತದೆ. ಅಲ್ಲಿ ಮೊಳೆಗೆ ಒಂದು ಬಟ್ಟೆಯ ಚೀಲ ತೂಗುಹಾಕಿ, ಫೋನನ್ನು ಹಗಲೆಲ್ಲ ಅದರಲ್ಲಿಯೇ ಇಡುತ್ತಾರೆ. ಗಂಟೆಯಾದರೆ ಅಮ್ಮ ಎದ್ದು ಬಂದು ಹಸಿರು ಗುಂಡಿ ಒತ್ತುತ್ತಾರೆ. ತಾವಾಗಿ ಕರೆ ಮಾಡಬೇಕಾದರೆ 2ನ್ನು ಒತ್ತಿ ಹಿಡಿದರೆ ನನಗೆ ಬರುತ್ತದೆ. ಅವರಿಗೆ ಫೋನಿನ ಉಪಯೋಗ ಇಷ್ಟೇ. ಕಳೆದ ಮಳೆಗಾಲದಲ್ಲಿ ಅವರ ಪ್ಯಾಕಿನ ಅವಧಿ ಮುಗಿದದ್ದನ್ನು ನಾನು ಮರೆತೆ. ತಮ್ಮನೂ ಊರಲ್ಲಿರಲಿಲ್ಲ. ಒಳಬರುವ ಕರೆಯೂ ನಿಂತುಹೋಗಿ, ಎರಡು ದಿನ ಅವರ ಸುದ್ದಿಯೇ ಇಲ್ಲದೆ ನಾವು ಪಟ್ಟ ಸಂಕಟ ಇನ್ನೊಮ್ಮೆ ಬೇಡ. ಆದ್ದರಿಂದ ಉಳಿತಾಯವಾಗಬೇಕು, ಆದರೆ ಅಮ್ಮನ ಫೋನು ಒಂದು ದಿನವೂ ನಿಲ್ಲಬಾರದು, ಯಾವ ಸಂಖ್ಯೆಯೂ ಬದಲಾಗಬಾರದು. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ಮೈಸೂರಿನ ಲೆಕ್ಕಪತ್ರ ಸಲಹೆಗಾರ್ತಿ

ಮೇಷ್ಟ್ರೇ, ನಮಸ್ಕಾರ. ನೀವು ಅಂಕಿಗಳನ್ನು ಇಷ್ಟು ಸ್ಪಷ್ಟವಾಗಿ ಕೊಟ್ಟಿರುವುದರಿಂದ ಲೆಕ್ಕ ಹಾಕುವುದು ಸುಲಭವಾಯಿತು.

ಮೊದಲು 28 ದಿನಗಳ ವಿಷಯ. ಇದನ್ನು ನಾವೆಲ್ಲ ಮಾತಿನಲ್ಲಿ "ತಿಂಗಳ ಪ್ಯಾಕ್" ಎನ್ನುತ್ತೇವೆ, ಆದರೆ ಇದು ತಿಂಗಳಲ್ಲ, ನಾಲ್ಕು ವಾರ. ಜನವರಿ 5ರಂದು ಹಾಕಿಸಿದರೆ ಮುಂದಿನದು ಫೆಬ್ರವರಿ 2, ಆಮೇಲೆ ಮಾರ್ಚ್ 2, ಮತ್ತೆ ಮಾರ್ಚ್ 30. ಅಂದರೆ ಮಾರ್ಚ್ ಒಂದರಲ್ಲೇ ಎರಡು ಬಾರಿ ದುಡ್ಡು ಕೊಟ್ಟಂತಾಯಿತು. ವರ್ಷಕ್ಕೆ 13 ರೀಚಾರ್ಜ್ ಆಗುತ್ತದೆ. ಈ ಬಗ್ಗೆ ಗ್ರಾಹಕರಿಂದ ದೂರುಗಳು ಬಂದ ಮೇಲೆಯೇ, 30 ದಿನಗಳ ಅವಧಿಯ ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಣಗೊಳ್ಳುವ ಪ್ಯಾಕನ್ನೂ ಕನಿಷ್ಠ ಒಂದೊಂದಾದರೂ ಇಟ್ಟಿರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಕಂಪನಿಗಳಿಗೆ ಆದೇಶಿಸಿತು.

ಹೀಗೆ ನೋಡಿದರೆ ನಿಮ್ಮದು ₹3,887, ನಿಮ್ಮ ಮನೆಯವರದು ₹3,887, ಅಮ್ಮನದು ₹2,587, ಮಗನದು ಸುಮಾರು ₹3,733, ಪೋಸ್ಟ್‌ಪೇಯ್ಡ್ ₹5,650; ಒಟ್ಟು ₹19,744. ಗಮನಿಸಿ: ಅತಿ ಹೆಚ್ಚು ದುಡ್ಡು ತಿನ್ನುತ್ತಿರುವುದು ಅತಿ ಕಡಿಮೆ ಕೆಲಸ ಮಾಡುವ ಸಿಮ್.

ಪ್ಯಾಕುಗಳನ್ನು ಹೋಲಿಸುವಾಗ ನಾನು ಬೇರೆ ಯಾವುದನ್ನೂ ನೋಡದೆ, ಬೆಲೆಯನ್ನು ದಿನಗಳಿಂದ ಭಾಗಿಸುತ್ತೇನೆ. ನಿಮ್ಮ ₹299ರ ಪ್ಯಾಕಿಗೆ ದಿನಕ್ಕೆ ₹10.68 ಬೀಳುತ್ತದೆ. ಅದೇ 1.5 ಜಿಬಿಯ 84 ದಿನಗಳ ಪ್ಯಾಕ್ ₹799ಕ್ಕೆ ಸಿಕ್ಕಿದರೆ ದಿನಕ್ಕೆ ₹9.51. ಅಮ್ಮನ ₹199ಕ್ಕೆ ದಿನಕ್ಕೆ ₹7.11. ಪೋಸ್ಟ್‌ಪೇಯ್ಡಿಗೆ ಹತ್ತಿರಹತ್ತಿರ ₹15.70. ಪ್ರಿಪೇಯ್ಡ್ ಪ್ಯಾಕಿನ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡಿನಲ್ಲಿ ಬಿಲ್ಲಿನ ಕೊನೆಗೆ ಸೇರುತ್ತದೆ. ಆದ್ದರಿಂದ ಜಾಹೀರಾತಿನಲ್ಲಿರುವ ಎರಡು ಬೆಲೆಗಳನ್ನು ಹಾಗೆಯೇ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಈಗ ನಿಮಗೆ ನಿಜವಾಗಿ ಬೇಕಾದ ವಿಷಯ. ಇಂಟರ್ನೆಟ್ ಬೇಡದವರಿಗೂ ಬಲವಂತವಾಗಿ ಡೇಟಾ ಮಾರುವುದು ಸರಿಯಲ್ಲವೆಂದು, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕನ್ನು ಪ್ರತಿ ಕಂಪನಿಯೂ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿತು. ವಿಶೇಷ ಪ್ಯಾಕುಗಳಿಗೆ ಅದುವರೆಗೆ ಇದ್ದ 90 ದಿನಗಳ ಗರಿಷ್ಠ ಅವಧಿಯನ್ನೂ ಆಗಲೇ 365 ದಿನಗಳಿಗೆ ಏರಿಸಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಗಳಿಗೆ ₹469 ಮತ್ತು 365 ದಿನಗಳಿಗೆ ₹1,849 ಎಂದೂ, ಜಿಯೋ 84 ದಿನಗಳಿಗೆ ₹448 ಮತ್ತು 336 ದಿನಗಳಿಗೆ ₹1,748 ಎಂದೂ ಪ್ರಕಟಿಸಿದವು. ಇಲ್ಲಿಯೂ ಭಾಗಾಕಾರ ಮಾಡಿ ನೋಡಬೇಕು. ₹1,748 ಕಡಿಮೆಯೆಂದು ಕಾಣುತ್ತದೆ, ಆದರೆ ಅದು ದಿನಕ್ಕೆ ₹5.20, ₹1,849 ದಿನಕ್ಕೆ ₹5.07. ಬೆಲೆಗಳು ಆಗಾಗ ಬದಲಾಗುತ್ತಿರುತ್ತವೆ, ಹಾಕಿಸುವ ದಿನ ಮತ್ತೊಮ್ಮೆ ಪರಿಶೀಲಿಸಿಕೊಳ್ಳಿ. ಕಂಪನಿಗಳ ಆಪ್‌ಗಳಲ್ಲಿ ಈ ಪ್ಯಾಕುಗಳು ಮೊದಲ ಪರದೆಯಲ್ಲಿ ಕಾಣದಿದ್ದರೆ, ಎಲ್ಲ ಪ್ಯಾಕುಗಳ ಪಟ್ಟಿಯನ್ನು ತೆರೆದು ಕೆಳಗಿನವರೆಗೂ ಹುಡುಕಬೇಕು.

ನನ್ನ ಸಲಹೆ ಹೀಗಿದೆ. ಅಮ್ಮನ ಫೋನಿಗೆ ವರ್ಷದ ಕರೆ-ಮಾತ್ರ ಪ್ಯಾಕ್ ಹಾಕಿಸಿ. ಹಣ ಉಳಿಯುವುದು ಒಂದು ಕಡೆಯಾದರೆ, ವರ್ಷದಲ್ಲಿ 13 ಬಾರಿ ನೆನಪಿಡಬೇಕಾದದ್ದು ಒಂದೇ ಬಾರಿಗೆ ಇಳಿಯುತ್ತದೆ. ನೀವು ಹೇಳಿದ ಆ ಎರಡು ದಿನಗಳ ಸಂಕಟಕ್ಕೆ ಇದೇ ಪರಿಹಾರವೆಂದು ನನಗೆ ತೋರುತ್ತದೆ. ನಿಮ್ಮ ಪೋಸ್ಟ್‌ಪೇಯ್ಡ್ ಸಂಖ್ಯೆಯನ್ನು, ಸಂಖ್ಯೆ ಬದಲಿಸದೆಯೇ ಪ್ರಿಪೇಯ್ಡಿಗೆ ಪರಿವರ್ತಿಸಿ, ಅದಕ್ಕೂ ಕರೆ-ಮಾತ್ರ ಪ್ಯಾಕ್ ಹಾಕಿಸಿ. ಎರಡೂ ಸಿಮ್‌ಗಳು ಒಂದೇ ಫೋನಿನಲ್ಲಿದ್ದರೆ ಡೇಟಾ ಒಂದರಿಂದ ಮಾತ್ರ ಖರ್ಚಾಗುತ್ತದೆ, ಇನ್ನೊಂದರ ಡೇಟಾಕ್ಕೆ ಕೊಡುವ ಹಣ ವ್ಯರ್ಥ. ಬ್ಯಾಂಕಿನ ಒಟಿಪಿ ಎಸ್‌ಎಂಎಸ್ ಮೂಲಕ ಬರುವುದರಿಂದ ಅದಕ್ಕೆ ಡೇಟಾ ಬೇಕಾಗಿಯೇ ಇಲ್ಲ. ಇದೊಂದರಲ್ಲಿಯೇ ವರ್ಷಕ್ಕೆ ₹3,800 ಉಳಿಯುತ್ತದೆ.

ನಿಮ್ಮ ಮನೆಯವರ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಕಳೆದ ತಿಂಗಳು ವೈಫೈ ಬಿಟ್ಟು ಮೊಬೈಲ್ ಡೇಟಾ ಎಷ್ಟು ಖರ್ಚಾಗಿದೆ ಎಂದು ನೋಡಿ. ದಿನಕ್ಕೆ 1.5 ಜಿಬಿ ಎಂದರೆ 28 ದಿನಕ್ಕೆ 42 ಜಿಬಿ. ಮನೆಯಲ್ಲಿಯೇ ವೈಫೈ ಇರುವವರು ಅದರಲ್ಲಿ ಒಂದೆರಡು ಜಿಬಿಯನ್ನೂ ಬಳಸುವುದಿಲ್ಲ, ಉಳಿದದ್ದು ಪ್ರತಿ ಮಧ್ಯರಾತ್ರಿ ರದ್ದಾಗುತ್ತದೆ. ಅಂಥವರಿಗೆ ದಿನದ ಮಿತಿಯಿಲ್ಲದೆ ಇಡೀ ಅವಧಿಗೆ ಒಟ್ಟಾಗಿ ಡೇಟಾ ಕೊಡುವ ಪ್ಯಾಕ್ ಒಳ್ಳೆಯದು. 2025ರಲ್ಲಿ ಏರ್‌ಟೆಲ್‌ನಲ್ಲಿ ವರ್ಷಕ್ಕೆ 30 ಜಿಬಿ ಇರುವ ₹2,249ರ ಪ್ಯಾಕ್ ಇತ್ತು, ದಿನಕ್ಕೆ ₹6.16.

ಮಗನ ಪ್ಯಾಕನ್ನು ಮುಟ್ಟಬೇಡಿ. ಓದುವ ಹುಡುಗನಿಗೆ ಅಷ್ಟು ಬೇಕು.

ಉತ್ತರ: ಹುಬ್ಬಳ್ಳಿಯ ಮೊಬೈಲ್ ಅಂಗಡಿಯವ

ಗುರುಗಳಿಗೆ ನಮಸ್ಕಾರ. ಮೈಸೂರಿನ ಅಕ್ಕಾವರು ಹೇಳಿದ ಲೆಕ್ಕ ಸರಿಯಾಗಿದೆ. ನಾನು ಹದಿನೈದು ವರ್ಷಗಳಿಂದ ಸಿಮ್ ಮತ್ತು ರೀಚಾರ್ಜ್ ವ್ಯವಹಾರ ಮಾಡುತ್ತಿರುವುದರಿಂದ, ಲೆಕ್ಕದಲ್ಲಿ ಕಾಣದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ತಾಯಿಯವರ ಸಂಖ್ಯೆಯನ್ನು ಕಡಿಮೆ ಬೆಲೆಯ ಕಂಪನಿಗೆ ಪೋರ್ಟ್ ಮಾಡಿಸುವ ಯೋಚನೆ ಬಂದರೆ, ಆ ಕಂಪನಿಯ ಸಿಮ್ ಇರುವ ಯಾರನ್ನಾದರೂ ಮನೆಗೆ ಕರೆದು, ಆ ಜಗಲಿಯ ಕಿಟಕಿಯ ಹತ್ತಿರವೇ ನಿಂತು ಮಾತಾಡಿ ನೋಡಿ. ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಸಾಕು, ಈ ಮನೆಗೆ ಸಿಗುವ ಟವರ್ ಆಚೆ ಮನೆಗೆ ಸಿಗುವುದಿಲ್ಲ. ಇನ್ನೊಂದು ಮುಖ್ಯ ವಿಷಯವೆಂದರೆ ಫೋನಿನ ಜಾತಿ. ತಾಯಿಯವರ ಹತ್ತಿರ ಹಳೆಯ 2ಜಿ ಕೀಪ್ಯಾಡ್ ಸೆಟ್ ಇದ್ದರೆ ಅದರಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಕಂಪನಿಗೆ 2ಜಿ ಜಾಲವೇ ಇಲ್ಲ; 4ಜಿ ಕೀಪ್ಯಾಡ್ ಸೆಟ್ ಕೊಳ್ಳಬೇಕಾಗುತ್ತದೆ. ಹೊಸ ಸೆಟ್ಟಿಗೆ ಹಾಕುವ ದುಡ್ಡಿನಲ್ಲಿ ಉಳಿತಾಯವೇ ಹೋಗಿಬಿಡುತ್ತದೆ, ಮೇಲಾಗಿ ಆ ವಯಸ್ಸಿನವರಿಗೆ ಕೈಗೆ ಒಗ್ಗಿದ ಗುಂಡಿಗಳನ್ನು ಬದಲಿಸುವುದು ಸಣ್ಣ ಮಾತಲ್ಲ. ಆದ್ದರಿಂದ ಈಗಿರುವ ಕಂಪನಿಯಲ್ಲಿಯೇ ಕರೆ-ಮಾತ್ರ ಪ್ಯಾಕ್ ಸಿಗುವುದೇ ಎಂದು ಮೊದಲು ನೋಡುವುದು ಉತ್ತಮ.

ಬಿಎಸ್‌ಎನ್‌ಎಲ್ ಬಗ್ಗೆ ದಿನಾ ಕೇಳುತ್ತಾರೆ. 2024ರ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿದಾಗ ಬಿಎಸ್‌ಎನ್‌ಎಲ್ ಏರಿಸಲಿಲ್ಲ. ಆಗ ನನ್ನ ಅಂಗಡಿಯಲ್ಲಿಯೇ ಎಷ್ಟೋ ಜನ ಅದಕ್ಕೆ ಬದಲಾಯಿಸಿಕೊಂಡರು. ಅವರಲ್ಲಿ ಕೆಲವರು ಸಂತೋಷವಾಗಿದ್ದಾರೆ, ಕೆಲವರು ನೆಟ್ ನಿಧಾನವೆಂದು ತಿರುಗಿ ಬಂದರು. 2025ರ ಸೆಪ್ಟೆಂಬರ್ 27ರಂದು ಅವರ ಸ್ವದೇಶಿ 4ಜಿ ಜಾಲಕ್ಕೆ ಅಧಿಕೃತವಾಗಿ ಚಾಲನೆ ಸಿಕ್ಕಿದೆ. ಕೇವಲ ಮಾತಿಗೆ ಬೇಕಾದ ಸಿಮ್‌ಗೆ, ಮನೆಯಲ್ಲಿ ಸಿಗ್ನಲ್ ಚೆನ್ನಾಗಿದ್ದರೆ, ಅದು ಯೋಗ್ಯವಾದ ಆಯ್ಕೆಯೇ.

ಪೋರ್ಟ್ ಮಾಡಿಸುವ ಕ್ರಮ ಸರಳವಾಗಿದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ನಿಮ್ಮ ಹತ್ತು ಅಂಕಿಯ ಸಂಖ್ಯೆಯನ್ನು ಬರೆದು 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಎಂಟು ಅಕ್ಷರಗಳ ಒಂದು ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನಗಳ ಆಯಸ್ಸು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಪೋಸ್ಟ್‌ಪೇಯ್ಡ್ ಆಗಿದ್ದರೆ ಹಳೆಯ ಬಾಕಿ ಪೂರ್ತಿ ತೀರಿಸಿರಬೇಕು. ಸಿಮ್ ಕಳೆದು ಹೊಸ ಸಿಮ್ ಪಡೆದಿದ್ದರೆ, 2024ರ ಜುಲೈ 1ರಿಂದ ಬಂದಿರುವ ನಿಯಮದ ಪ್ರಕಾರ ಏಳು ದಿನ ಕಳೆಯುವವರೆಗೆ ಆ ಕೋಡ್ ಸಿಗುವುದಿಲ್ಲ. ಹಳೆಯ ಕಂಪನಿಯಲ್ಲಿ ಉಳಿದಿರುವ ಪ್ರಿಪೇಯ್ಡ್ ಬ್ಯಾಲೆನ್ಸ್ ಹೊಸದಕ್ಕೆ ಬರುವುದಿಲ್ಲ. ವರ್ಷದ ಪ್ಯಾಕ್ ಹಾಕಿಸಿಕೊಂಡು, ಎರಡೇ ತಿಂಗಳಿಗೆ ಬೇರೆ ಕಂಪನಿಗೆ ಹೋಗಿ ಉಳಿದ ಹಣ ಕಳೆದುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಒಂದು ಸಣ್ಣ ಪ್ಯಾಕ್ ಹಾಕಿಸಿ, ಸಿಗ್ನಲ್ ನೋಡಿ, ಮನಸ್ಸಿಗೆ ಒಪ್ಪಿದ ಮೇಲೆ ವರ್ಷದ್ದು ಹಾಕಿಸಿ.

ಕರೆ-ಮಾತ್ರ ಪ್ಯಾಕ್ ಹಾಕಿಸಿದ ಸ್ಮಾರ್ಟ್‌ಫೋನಿನಲ್ಲಿ ಆ ಸಿಮ್‌ನ ಮೊಬೈಲ್ ಡೇಟಾವನ್ನು ಆಫ್ ಮಾಡಿಯೇ ಇಡಬೇಕು. ಇಲ್ಲದಿದ್ದರೆ ಮುಖ್ಯ ಬ್ಯಾಲೆನ್ಸಿನಲ್ಲಿ ಹಣವಿದ್ದಾಗ ಅದು ಕರಗುತ್ತದೆ. ಯುಪಿಐ ಆಪ್ ಅನ್ನು ಹೊಸ ಫೋನಿನಲ್ಲಿ ನೋಂದಾಯಿಸುವಾಗ ಆ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೊರಗೆ ಹೋಗಬೇಕಾಗುತ್ತದೆ, ಹಾಗಾಗಿ ಬ್ಯಾಂಕಿನ ಸಂಖ್ಯೆಗೆ ಎಸ್‌ಎಂಎಸ್ ಇಲ್ಲದ ಪ್ಯಾಕ್ ಹಾಕಿಸಬೇಡಿ.

ಕೊನೆಯದಾಗಿ ಹಳೆಯ ಸಂಖ್ಯೆಯ ಬಗ್ಗೆ. ಅದನ್ನು ಸುಮ್ಮನೆ ಕರೆನ್ಸಿ ಹಾಕಿಸದೆ ಬಿಟ್ಟುಬಿಡುವುದೇ ಉಳಿತಾಯವೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಸ್ಥಗಿತಗೊಂಡ ಸಂಖ್ಯೆಯನ್ನು 90 ದಿನಗಳ ನಂತರ ಬೇರೆ ಗ್ರಾಹಕರಿಗೆ ಕೊಡಬಹುದು. ಆಗ ನಿಮ್ಮ ಬ್ಯಾಂಕಿನ ಸಂದೇಶಗಳು ಅಪರಿಚಿತರ ಫೋನಿಗೆ ಹೋಗುತ್ತವೆ. ನಿಜವಾಗಿ ಬಿಡಬೇಕೆಂದಿದ್ದರೆ ಬ್ಯಾಂಕು, ಆಧಾರ್, ಪಿಂಚಣಿ, ಗ್ಯಾಸ್ ಎಲ್ಲ ಕಡೆಯೂ ಸಂಖ್ಯೆ ಬದಲಿಸಿದ ಮೇಲೆಯೇ ಬಿಡಬೇಕು.

ಉತ್ತರ: ತುಮಕೂರಿನ ಗೃಹಿಣಿ

ಮೇಷ್ಟ್ರೇ, ಪೋಸ್ಟ್‌ಪೇಯ್ಡನ್ನು ಬಿಡುವ ಮೊದಲು ಕಳೆದ ಆರು ತಿಂಗಳ ಬಿಲ್ಲುಗಳನ್ನು ತೆಗೆಸಿ, ಮೊದಲ ಪುಟದ ಮೊತ್ತವನ್ನಷ್ಟೇ ನೋಡದೆ ಒಳಗಿನ ಪುಟಗಳನ್ನೂ ಓದಿರೆಂದು ಕೇಳಿಕೊಳ್ಳುತ್ತೇನೆ. ನಮ್ಮ ಮಾವನವರ ಬಿಲ್ಲಿನಲ್ಲಿ, ಅವರು ಎಂದೂ ಕೇಳದಿದ್ದ ಕಾಲರ್ ಟ್ಯೂನ್ ಸೇವೆಗೆ ತಿಂಗಳು ತಿಂಗಳೂ ಹಣ ಸೇರುತ್ತಿತ್ತು. ಅವರಿಗೆ ಅದು ಏನೆಂದೇ ಗೊತ್ತಿರಲಿಲ್ಲ. ಬಂದ ಬಿಲ್ಲನ್ನು ಕಟ್ಟುವುದು ಮರ್ಯಾದೆಯೆಂದು ತಿಳಿದು ಕಟ್ಟುತ್ತಲೇ ಬಂದಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ.

ಇಂಥ ಸೇವೆಗಳನ್ನು ನಿಲ್ಲಿಸಲು 155223 ಎಂಬ ಉಚಿತ ಸಂಖ್ಯೆ ಇದೆ. ನಾವು ಮೊದಲು ಅದರಿಂದ ಸೇವೆ ನಿಲ್ಲಿಸಿ, ಆಮೇಲೆ 198ಕ್ಕೆ ಕರೆ ಮಾಡಿ ದೂರು ಕೊಟ್ಟೆವು. ದೂರು ದಾಖಲಾದ ಕೂಡಲೇ ಕೊಡುವ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿರುತ್ತದೆ. ಮೊದಲ ಉತ್ತರ ನಮಗೆ ಸಮಾಧಾನ ಕೊಡಲಿಲ್ಲ. ಕಂಪನಿಯೊಳಗೇ ಮೇಲ್ಮನವಿ ಪ್ರಾಧಿಕಾರವಿರುತ್ತದೆ, 30 ದಿನಗಳೊಳಗೆ ಅಲ್ಲಿಗೆ ಬರೆಯಬಹುದು. ಬರೆದೆವು, ಹಣ ಮುಂದಿನ ಬಿಲ್ಲಿನಲ್ಲಿ ಕಡಿತವಾಗಿ ಬಂತು. ಟ್ರಾಯ್‌ಗೆ ನೇರವಾಗಿ ಬರೆದರೆ ಅವರು ವೈಯಕ್ತಿಕ ದೂರನ್ನು ವಿಚಾರಣೆ ಮಾಡುವುದಿಲ್ಲ. ಆದರೆ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ನಮಗಿದೆ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟಪಡಿಸಿದೆ.

ಪೋಸ್ಟ್‌ಪೇಯ್ಡ್ ತೆಗೆದುಕೊಂಡಾಗ ಠೇವಣಿ ಕಟ್ಟಿದ್ದರೆ ಅದನ್ನೂ ಮರಳಿ ಕೇಳಿ. ಕೇಳದವರಿಗೆ ಅದರ ನೆನಪೂ ಇರುವುದಿಲ್ಲ.

ಉತ್ತರ: ಕಾಸರಗೋಡಿನ ಕನ್ನಡಿಗ

ಒಂದೇ ಒಂದು ಮಾತು ಸೇರಿಸುತ್ತೇನೆ. ರೀಚಾರ್ಜನ್ನು ಕಂಪನಿಯ ಸ್ವಂತ ಆಪ್‌ನಲ್ಲಿ ಮಾಡಿದರೆ, ಕೆಲವು ಪಾವತಿ ಆಪ್‌ಗಳು ಪ್ರತಿ ಸಲ ಕೀಳುವ ಒಂದೆರಡು ರೂಪಾಯಿ ಸೇವಾ ಶುಲ್ಕ ಉಳಿಯುತ್ತದೆ. ಗಡಿಯ ಈ ಕಡೆ ಇರುವವರು ಇನ್ನೂ ಒಂದನ್ನು ಗಮನಿಸಬೇಕು: ನಮ್ಮ ಸಿಮ್‌ಗಳು ಕೇರಳ ದೂರಸಂಪರ್ಕ ವೃತ್ತಕ್ಕೆ, ಅಂದರೆ ಸೇವಾ ವಲಯಕ್ಕೆ, ಸೇರಿರುತ್ತವೆ, ಆದ್ದರಿಂದ ಮಂಗಳೂರಿನ ಬಂಧುಗಳು ಹೇಳಿದ ಪ್ಯಾಕ್ ನಮ್ಮ ಸಂಖ್ಯೆಗೆ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಮೇಷ್ಟ್ರ ಮಗ ಮೈಸೂರಿನಲ್ಲಿರುವುದರಿಂದ ಅವರಿಗೆ ಈ ತೊಡಕಿಲ್ಲ, ಇಡೀ ಕರ್ನಾಟಕ ಒಂದೇ ವೃತ್ತ.

ಪ್ರಶ್ನೆ ಕೇಳಿದವರಿಂದ: ಮೂರು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮಾಡಿದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಹೆಂಡತಿಯ ಫೋನಿನಲ್ಲಿ ನೋಡಿದಾಗ ಕಳೆದ ತಿಂಗಳು ಮೊಬೈಲ್ ಡೇಟಾ ಖರ್ಚಾದದ್ದು 1.7 ಜಿಬಿ ಮಾತ್ರ. ಅದರಲ್ಲಿಯೂ ಹೆಚ್ಚಿನದು ನೆಂಟರ ಮದುವೆಗೆ ಹೋದ ದಿನ, ವಾಟ್ಸಾಪ್ ಗುಂಪಿಗೆ ಬಂದ ವಿಡಿಯೊಗಳು ತಾವಾಗಿಯೇ ಇಳಿದದ್ದು. ಮೊಬೈಲ್ ಡೇಟಾದಲ್ಲಿ ಚಿತ್ರ, ವಿಡಿಯೊ ಯಾವುದೂ ತಾನಾಗಿ ಇಳಿಯದಂತೆ ಮಾಡಿದ್ದೇವೆ. ಫೋಟೊಗಳ ಬ್ಯಾಕಪ್ ಮತ್ತು ಆಪ್‌ಗಳ ಅಪ್‌ಡೇಟನ್ನು ವೈಫೈಗೆ ಸೀಮಿತಗೊಳಿಸಿದ್ದೇವೆ. 42 ಜಿಬಿ ಕೊಂಡು 1.7 ಜಿಬಿ ಬಳಸುತ್ತಿದ್ದೆವು ಎನ್ನುವುದನ್ನು ಆಕೆಗೂ ನಂಬಲಾಗಲಿಲ್ಲ. ಈಗಿನ ಪ್ಯಾಕ್ ಮುಗಿದ ಕೂಡಲೇ ವರ್ಷಕ್ಕೆ 30 ಜಿಬಿಯದಕ್ಕೆ ಬದಲಾಯಿಸುತ್ತೇವೆ. ನನ್ನದನ್ನು 84 ದಿನಗಳದಕ್ಕೆ ಮಾಡಿಕೊಂಡಿದ್ದೇನೆ. ಮಗನದು ಹಾಗೆಯೇ ಇದೆ.

ಅಮ್ಮನ ವಿಷಯದಲ್ಲಿ ಹುಬ್ಬಳ್ಳಿಯವರು ಹೇಳಿದಂತೆಯೇ ನಡೆದುಕೊಂಡೆ. ಪಕ್ಕದ ಮನೆಯ ಹುಡುಗನ ಫೋನನ್ನು ಜಗಲಿಗೆ ತರಿಸಿ ನೋಡಿದೆವು. ಕಿಟಕಿಯ ಹತ್ತಿರ ಒಂದು ಗೆರೆ ಬರುತ್ತದೆ, ಮಾತು ಮಧ್ಯೆ ಮಧ್ಯೆ ಕಡಿದುಹೋಗುತ್ತದೆ. ಪೋರ್ಟ್ ಮಾಡಿಸುವ ವಿಚಾರವನ್ನು ಅಲ್ಲಿಗೇ ಕೈಬಿಟ್ಟು, ಈಗಿರುವ ಕಂಪನಿಯಲ್ಲಿಯೇ ವರ್ಷದ ಕರೆ-ಮಾತ್ರ ಪ್ಯಾಕ್ ಹಾಕಿಸಿದೆ. ಅದು ಮುಗಿಯುವ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಆ ಬಟ್ಟೆಯ ಚೀಲದೊಳಗೆ ಇಟ್ಟು ಬಂದಿದ್ದೇನೆ, ತಮ್ಮನ ಕಣ್ಣಿಗೂ ಬೀಳಲಿ ಎಂದು.

ಬೆಲೆಗಳು ಹೀಗೆಯೇ ಇದ್ದರೆ ವರ್ಷದ ಒಟ್ಟು ಖರ್ಚು ₹19,744ರಿಂದ ಸುಮಾರು ₹13,150ಕ್ಕೆ ಇಳಿಯುತ್ತದೆ. ಬ್ರಾಡ್‌ಬ್ಯಾಂಡಿನ ಹಲವು ತಿಂಗಳ ಬಿಲ್ಲು ಇದರಲ್ಲಿಯೇ ಹೊರಟುಹೋಗುತ್ತದೆ.

ಹಳೆಯ ಸಂಖ್ಯೆ ಮೊನ್ನೆ ಪ್ರಿಪೇಯ್ಡ್ ಆಯಿತು. ಬ್ಯಾಂಕಿನ ಸಂದೇಶಗಳು ಮೊದಲಿನಂತೆಯೇ ಬರುತ್ತಿವೆ. ತುಮಕೂರಿನ ತಂಗಿಯವರ ಮಾತಿನಂತೆ ಹಳೆಯ ಕಡತ ಹುಡುಕಿದಾಗ, ಪೋಸ್ಟ್‌ಪೇಯ್ಡ್ ಪಡೆದ ದಿನ ₹500 ಠೇವಣಿ ಕಟ್ಟಿದ ರಸೀದಿ ಪಿಂಚಣಿಯ ಕಾಗದಗಳ ನಡುವೆ ಸಿಕ್ಕಿತು. ಅದರ ಪ್ರತಿಯೊಂದಿಗೆ ಅರ್ಜಿ ಕೊಟ್ಟು, ಡಾಕೆಟ್ ಸಂಖ್ಯೆಯನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹಣ ಬಂದ ದಿನ ಇಲ್ಲಿ ತಿಳಿಸುತ್ತೇನೆ.